ಎಲ್ಲರಿಗೂ ಗೊತ್ತಿದ್ದ ಸುಳ್ಳು ಮತ್ತು ಗ್ರೋನಿಂಗನ್‌ನ ಸೈರನ್

ತವರೂರು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮೂರಿನ ಮೊಬೈಲ್ ಗ್ರೂಪಿಗೆ ಒಂದು ವಿಡಿಯೋ ಬಂತು. ಕಳಿಸಿದವರು ನಮ್ಮ ದೊಡ್ಡಪ್ಪ. ವಿದೇಶಕ್ಕೆ ಹೋಗಿ ಬಂದವರು ವಿಮಾನ ನಿಲ್ದಾಣದಿಂದ ಕಥೆ ಶುರು ಮಾಡುತ್ತಾರೆ. ನನ್ನ ಕಥೆ ಅಲ್ಲಿಂದ ಶುರುವಾಗುವುದಿಲ್ಲ. ಆ ನಾಲ್ಕು ಹತ್ತನ್ನು ಬಿಟ್ಟರೆ, ನೆದರ್ಲೆಂಡ್ಸಿನಲ್ಲಿ ನಾನು ಕಂಡದ್ದು ನಿಮಗೆ ನಾನು ಕಂಡ ಹಾಗೆ ಕಾಣುವುದಿಲ್ಲ.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ತವರೂರು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ರಸ್ತೆಯ ಬದಿಗಿದೆ. ಪಂಚಮಿಗೆಂದು ಬಂದಿದ್ದೆ. ವಿಡಿಯೋದಲ್ಲಿ ಒಬ್ಬ ಹೆಂಗಸು ಅಳುತ್ತಿರುವ ಮಗುವನ್ನು ಚೀಲಕ್ಕೆ ತುರುಕುತ್ತಿದ್ದಳು. ಹಿಂದಿನಿಂದ ಯಾರದೋ ದನಿ: ಪಾತ್ರೆ ಮಾರುವವರ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರಿಕೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹೆಂಗಸಿನ ಹಿಂದಿದ್ದ ಅಂಗಡಿಯ ಬೋರ್ಡು ನಮ್ಮ ದೇಶದ ಯಾವ ಲಿಪಿಯಲ್ಲೂ ಇರಲಿಲ್ಲ. ಸ್ವಲ್ಪ ಹುಡುಕಿದ ಮೇಲೆ ಮೂಲ ಸಿಕ್ಕಿತು. ಎಲ್ಲೋ ಬೇರೆ ದೇಶದಲ್ಲಿ ತಾಯಂದಿರನ್ನು ಎಚ್ಚರಿಸಲೆಂದು ನಟಿಸಿ ತೆಗೆದ ಹಳೆಯ ಚಿತ್ರ ಅದು.

ದೊಡ್ಡಪ್ಪನ ಮನೆ ನಮ್ಮ ಮನೆಯ ಎದುರಿಗೇ. ಹೋಗಿ ತೋರಿಸಿದೆ.

“ಹೌದಲ್ಲಬೇ,” ಎಂದರು, ಕನ್ನಡಕ ಹಣೆಗೇರಿಸಿ. “ಇದು ಆಟಾ ಕಟ್ಟ್ಯಾರ. ಚಲೋ ಆತು ಹೇಳಿದಿ. ಗ್ರೂಪಿನ್ಯಾಗ ಏನೂ ಹಾಕಬ್ಯಾಡ ಮತ್ತ. ನಾನ ಒಬ್ಬೊಬ್ಬರಿಗೆ ಹೇಳ್ತೀನಿ.”

ನಮ್ಮೂರಿನ ರೀತಿಯೇ ಅದು. ಹಿರಿಯರು ಗ್ರೂಪಿಗೆ ಏನಾದರೂ ಹಾಕಿದರೆ ಅದರ ಕೆಳಗೆ ಯಾರೂ ಅಡ್ಡ ಮಾತು ಬರೆಯುವುದಿಲ್ಲ. ಕೈಮುಗಿದ ಚಿತ್ರ ಹಾಕುತ್ತಾರೆ, ಅಷ್ಟೆ. ತಪ್ಪಿದ್ದರೆ ತಿದ್ದುಪಡಿ ಕಿವಿಯಿಂದ ಕಿವಿಗೆ ಹೋಗುತ್ತದೆ. ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ. ತಮ್ಮಂದಿರಿಗೆ, ಬೀಗರಿಗೆ, ಕಿರಾಣಿ ಅಂಗಡಿಯವನಿಗೆ ಒಬ್ಬೊಬ್ಬರಿಗೇ ಫೋನು ಮಾಡಿದರು. ಅವರು ತಮ್ಮ ಮನೆಯವರಿಗೆ ಹೇಳಿದರು. ಹೆಂಗಸರಲ್ಲಿ ಸುದ್ದಿ ಜೋಕಾಲಿಯ ಕೆಳಗೇ ಹರಿದಾಡಿತು. ಐದೂವರೆಯ ಹೊತ್ತಿಗೆ, ಅದು ಸುಳ್ಳು ಎಂದು ಕೇಳದ ಮನೆ ಊರಲ್ಲಿ ಇರಲಿಲ್ಲ. ವಿಡಿಯೋ ಮಾತ್ರ ಗ್ರೂಪಿನಲ್ಲಿ ಹಾಗೇ ಇತ್ತು. ಅದರ ಕೆಳಗೆ ಸಾಲು ಸಾಲು ಮುಗಿದ ಕೈಗಳು.

ಆಗ ಹುಲಿಗೆಮ್ಮ ಬಂದಳು. ಬಾಚಿದಾಗ ಉದುರಿದ ಕೂದಲನ್ನು ತೂಗಿ, ಬದಲಿಗೆ ಸ್ಟೀಲಿನ ಬಟ್ಟಲು, ಲೋಟ ಕೊಡುವುದು ಅವಳ ವ್ಯಾಪಾರ. ಗುರುಗುಂಟಾ ಕಡೆಯವಳು. ಗಂಡ ಯಂಕಪ್ಪ ಮೊಪೆಡ್ ಓಡಿಸುತ್ತಾನೆ, ನಾಲ್ಕೈದು ವರ್ಷದ ಮಗಳು ಇಬ್ಬರ ನಡುವೆ ಕೂತಿರುತ್ತಾಳೆ. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುವುದರಿಂದ ಅವಳು ತಪ್ಪದೆ ಬರುತ್ತಾಳೆ. ಅಂದು ಮಗು ಪಾತ್ರೆಯ ಚೀಲಕ್ಕೆ ಒರಗಿ ನಿದ್ದೆ ಹೋಗಿತ್ತು.

ಗಾಡಿಯ ಸುತ್ತ ಊರಿನ ಗಂಡಸರು ಸೇರಿದರು. ಮೊದಲನೆಯವನು, ಮಗು ಯಾರದು ಎಂದು ಕೇಳಿದ. ಎರಡನೆಯವನು, ಹೀಗೇಕೆ ಮಲಗಿದೆ ಎಂದ. ಮೂರನೆಯವನು ಚೀಲ ಎಳೆದ. ನನಗೆ ಗೊತ್ತಿಲ್ಲದ ಮುಖ ಅಲ್ಲಿ ಒಂದೂ ಇರಲಿಲ್ಲ. ಯಾರೂ ಹುಲಿಗೆಮ್ಮನನ್ನು ನೋಡುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರನ್ನು ನೋಡುತ್ತಿದ್ದರು. ಮೊಪೆಡ್ ಉರುಳಿತು. ಯಂಕಪ್ಪನ ಹೆಗಲಿಗೆ ಏಟು ಬಿತ್ತು. ಎಚ್ಚೆತ್ತ ಮಗು ಚೀರಿತು, ಹುಲಿಗೆಮ್ಮ ಅದನ್ನು ಅವುಚಿಕೊಂಡಳು. ಅದು ವಿಡಿಯೋದಲ್ಲಿ ಕಂಡ ಹಾಗೆಯೇ ಇತ್ತು. ನಾನು ಕೂಗಿದೆ. ಕೂಗಿದ್ದು ನನಗೇ ಕೇಳಿಸಲಿಲ್ಲ. ಯಾರದೋ ಮೊಣಕೈ ಎದೆಗೆ ತಾಗಿ ನೆಲಕ್ಕೆ ಕೂತೆ. ನನ್ನ ಮುಖದ ಪಕ್ಕದಲ್ಲಿ ಮೊಪೆಡ್ಡಿನ ಚಕ್ರ ತಿರುಗುತ್ತಲೇ ಇತ್ತು.

ಗುಂಪು ರಸ್ತೆಗೆ ಅಡ್ಡ ಇದ್ದುದರಿಂದ ಲಿಂಗಸುಗೂರಿನ ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ: “ಏ ಹುಲಿಗೆಮ್ಮ, ಗಾಡಿ ಕೆಡವಿಕೊಂಡ್ಯೇನಬೇ? ಮಗಳಿಗೇನಾಗಿಲ್ಲಲ್ಲ?”

ಅಷ್ಟೆ. ಕೈಗಳು ಸಡಿಲವಾದವು. ಅದೇ ಬಸ್ಸಿನಲ್ಲಿ ಮೂವರನ್ನೂ ಕರೆದುಕೊಂಡು ಲಿಂಗಸುಗೂರಿನ ಆಸ್ಪತ್ರೆಗೆ ಹೋದೆ. ಯಂಕಪ್ಪನ ಹೆಗಲ ಎಲುಬು ಬಿರುಕು ಬಿಟ್ಟಿತ್ತು. ಹುಲಿಗೆಮ್ಮ ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು: “ಮೇಡಂ, ನನಗ ಇದ ರಸ್ತಾದ ಊರು ಗೊತ್ತು. ಇನ್ನ ನಾ ಯಾವ ಊರಿಗೆ ಹೋಗ್ಲಿ?”

ಮರುದಿನ ಊರಿನವರು ಒಬ್ಬೊಬ್ಬರಾಗಿ ನಮ್ಮ ಕಟ್ಟೆಗೆ ಬಂದರು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದರು: “ಸುಳ್ಳಂತ ನನಗ ಗೊತ್ತಿತ್ತವ್ವ. ಉಳಿದೋರು ನಂಬ್ಯಾರ ಅನ್ಕೊಂಡು ಸುಮ್ನ ನಿಂತೆ.”

ಎದೆಯ ನೋವು ವಾರದಲ್ಲಿ ಹೋಯಿತು. ಈ ಮಾತು ಹೋಗಲಿಲ್ಲ. ಕಣ್ಣು ಮುಚ್ಚಿದರೆ ಚಕ್ರ ತಿರುಗುತ್ತಿತ್ತು.

ರೈಲಿನಲ್ಲಿ

ಬಹಳ ಮೊದಲೇ ಎರಡು ವಾರದ ಒಂದು ಕೋರ್ಸಿಗೆ ಅರ್ಜಿ ಹಾಕಿದ್ದೆ. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತೆಂದು ಯಾರಿಗೆ ಗೊತ್ತು ಎಂಬ ತರ್ಕವನ್ನೂ, ಎದುರಿನವನ ನಡೆ ಊಹಿಸಿ ನಮ್ಮ ನಡೆ ಆರಿಸುವ ಆಟದ ಸಿದ್ಧಾಂತವನ್ನೂ ಒಟ್ಟು ಸೇರಿಸಿ, ಸುದ್ದಿಯ ಸತ್ಯಾಸತ್ಯ ತಿಳಿಸುವ ಕೆಲಸವನ್ನು ಅರ್ಥ ಮಾಡಿಕೊಳ್ಳುವುದು ಅದರ ವಿಷಯ. ಅರ್ಜಿ ಹಾಕುವಾಗ ಅದೊಂದು ಚೆಂದದ ಪಾಠವೆನಿಸಿತ್ತು. ಕರೆ ಬಂದಾಗ ಹೋಗಲು ಮನಸ್ಸಿರಲಿಲ್ಲ. ನಮ್ಮ ಮನೆಯವರು, “ಇಲ್ಲಿದ್ರೂ ನಿದ್ದಿ ಮಾಡಂಗಿಲ್ಲ, ಅಲ್ಲಿ ಹೋಗಿ ಎಚ್ಚರಿರು,” ಎಂದು ಚೀಲ ತುಂಬಿಕೊಟ್ಟರು.

ವಿಮಾನ ನಿಲ್ದಾಣದಿಂದ ಗ್ರೋನಿಂಗನ್ ಊರಿಗೆ ರೈಲು. ಕೂತ ಕೂಡಲೇ ಊರಿನಲ್ಲಿದ್ದ ನನ್ನ ತಮ್ಮ ಬಸವರಾಜನಿಗೆ ಫೋನು ಮಾಡಿದೆ. ನಮ್ಮ ಕಡೆ ಬಸ್ಸಿನಲ್ಲಿ ಮಾತಾಡುವ ಹಾಗೆಯೇ ಮಾತಾಡುತ್ತಿದ್ದೆ, ಅಂದರೆ ಡ್ರೈವರಿಗೂ ಕೇಳುವಂತೆ. ಎದುರಿನ ಹೆಂಗಸು ಮುಗುಳ್ನಕ್ಕು ಕಿಟಕಿಯತ್ತ ಬೆರಳು ಮಾಡಿದರು. ಹೊರಗೆ ಹಸಿರು ಹೊಲ, ಕಾಲುವೆ, ಕಪ್ಪು ಬಿಳುಪಿನ ಹಸುಗಳು. “ಹೌದು, ಬಹಳ ಚೆಂದ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಬಸವರಾಜನಿಗೆ ಹಸುಗಳ ವರ್ಣನೆ ಮುಂದುವರಿಸಿದೆ. ಹೆಂಗಸು ಮತ್ತೆ ಬೆರಳು ಮಾಡಿದರು. ನಾನು ಮತ್ತೆ ಹೊಗಳಿದೆ. ಕೊನೆಗೆ ಅವರು ಎದ್ದು ಬಂದು ಗಾಜಿನ ಮೇಲೆ ಬರೆದಿದ್ದ ಪದವನ್ನೇ ಮುಟ್ಟಿ ತೋರಿಸಿದರು. ಅದು ಮೌನದ ಬೋಗಿಯಂತೆ. ಅಲ್ಲಿ ಯಾರೂ ಮಾತಾಡಬಾರದು.

ಇಡೀ ಬೋಗಿ ನನ್ನನ್ನು ಅಷ್ಟು ಹೊತ್ತು ಸಹಿಸಿಕೊಂಡಿತ್ತು. ಎಲ್ಲರಿಗೂ ನಿಯಮ ಗೊತ್ತು. ಹೇಳುವ ಕೆಲಸ ಇನ್ನೊಬ್ಬರು ಮಾಡಲಿ ಎಂದು ಕಾದಿದ್ದರು. ಇವರೂ ನಮ್ಮಂಥವರೇ ಎಂದು ಸ್ವಲ್ಪ ಸಮಾಧಾನವಾಯಿತು.

ಹೆಂಕ್ ಅವರ ಮನೆ

ಉಳಿದುಕೊಂಡಿದ್ದು ಹೆಂಕ್ ಎಂಬ ನಿವೃತ್ತ ಬಸ್ ಚಾಲಕರ ಮನೆಯ ಮಹಡಿಯಲ್ಲಿ. ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ ಚಾಕೊಲೇಟ್ ಕಾಳು ಉದುರಿಸಿ ತಿನ್ನುವ ಎಪ್ಪತ್ತರ ಹತ್ತಿರದ ಮನುಷ್ಯ. ಮಕ್ಕಳ ಕೇಕಿನ ಮೇಲೆ ಉದುರಿಸುವ ಆ ಕಾಳನ್ನು ದೊಡ್ಡವರು ಗಂಭೀರವಾಗಿ ತಿನ್ನುವುದು ನೋಡಿ ನಗು ತಡೆಯಲಾಗಲಿಲ್ಲ. ನಾನು ಒಯ್ದಿದ್ದ ಶೇಂಗಾ ಚಟ್ನಿ ಪುಡಿಯನ್ನು ಅವರು ಅದೇ ರೀತಿ ಉದುರಿಸಿಕೊಂಡರು. ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದರು.

ಅಲ್ಲಿನ ಮನೆಗಳ ಬೀದಿಯ ಕಿಟಕಿಗೆ ಪರದೆ ಇರುವುದಿಲ್ಲ. ಸಂಜೆ ನಡೆದು ಹೋದರೆ ಪ್ರತಿ ಮನೆಯ ಸೋಫಾ, ಪುಸ್ತಕ, ಊಟದ ಮೇಜು ಕಾಣುತ್ತದೆ. ನಾವು ಬಾಗಿಲು ತೆರೆದಿಡುತ್ತೇವೆ, ಕಿಟಕಿ ಮುಚ್ಚುತ್ತೇವೆ. ಇವರು ಕಿಟಕಿ ತೆರೆದಿಡುತ್ತಾರೆ, ಬಾಗಿಲು ಮುಚ್ಚುತ್ತಾರೆ. ಒಳಗೆ ಬಾ ಎಂದು ಯಾರೂ ಅನ್ನುವುದಿಲ್ಲ, ನೋಡಬೇಡ ಎಂದೂ ಅನ್ನುವುದಿಲ್ಲ. ಕಾಲುವೆಗಳೂ ಹಾಗೆಯೇ. ನಮ್ಮ ಸಿಂಧನೂರಿನ ಕಾಲುವೆಗೆ ನೀರು ಬಂತೇ ಎಂಬುದು ಸುದ್ದಿ. ಇಲ್ಲಿ ನೆಲ ಸಮುದ್ರಕ್ಕಿಂತ ತಗ್ಗು, ನೀರು ಹೊರಗೆ ಹೋಯಿತೇ ಎಂಬುದು ಸುದ್ದಿ. ಹೆಂಕ್‌ಗೆ ನಾನು ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದ ಕಥೆ ಹೇಳಿದರೆ, ನಮ್ಮ ನೀರು ಸ್ವಲ್ಪ ಒಯ್ಯಿರಿ ಎಂದರು.

ಸೋಮವಾರ ಮಧ್ಯಾಹ್ನ

ಮೊದಲ ದಿನದ ಪಾಠ ಮುಗಿಸಿ ಊಟಕ್ಕೆಂದು ಚೌಕಕ್ಕೆ ಹೋಗಿದ್ದೆವು. ಅಲ್ಲಿ ಸೈಕಲ್ಲು ಹೆಚ್ಚೋ ಮನುಷ್ಯರು ಹೆಚ್ಚೋ ಹೇಳುವುದು ಕಷ್ಟ. ಸರಿಯಾಗಿ ಹನ್ನೆರಡಕ್ಕೆ ಆಕಾಶವೇ ಊಳಿಟ್ಟಿತು. ಊರಿಗೆ ಊರೇ ನಡುಗುವಂಥ ಸೈರನ್. ಯುದ್ಧದ ಚಿತ್ರಗಳಲ್ಲಿ ಮಾತ್ರ ಕೇಳಿದ್ದ ಸದ್ದು.

ನಾನು ಓಡಿದೆ. ಎಲ್ಲಿಗೆ ಎಂದು ಗೊತ್ತಿಲ್ಲದೆ ಓಡಿ, ಸಾಲಾಗಿ ನಿಂತಿದ್ದ ಸೈಕಲ್ಲಿಗೆ ಢಿಕ್ಕಿ ಹೊಡೆದೆ. ಒಂದರ ಮೇಲೊಂದು ಬಿದ್ದವು. ಬಿದ್ದದ್ದರಲ್ಲಿ ಒಂದರ ಚಕ್ರ ತಿರುಗತೊಡಗಿತು. ಅದನ್ನು ನೋಡುತ್ತಾ ನೆಲದ ಮೇಲೆ ಕೂತುಬಿಟ್ಟೆ.

ತಲೆ ಎತ್ತಿದರೆ ಚೌಕದಲ್ಲಿ ಯಾರೂ ಕದಲಿರಲಿಲ್ಲ. ಮೀನು ಮಾರುವವನು ಮೀನು ಮಾರುತ್ತಿದ್ದ. ಒಬ್ಬ ಅಜ್ಜಿ ನಾಯಿಗೆ ಬಿಸ್ಕತ್ತು ಹಾಕುತ್ತಿದ್ದರು. ನಮ್ಮ ಪಾಠದ ಮಾರೈಕ ಪಕ್ಕಕ್ಕೆ ಬಂದು ನೆಲದ ಮೇಲೆಯೇ ಕೂತರು. ಅರವತ್ತರ ತರ್ಕಶಾಸ್ತ್ರದ ಅಧ್ಯಾಪಕಿ, ಸೀರೆ ಉಟ್ಟವಳ ಪಕ್ಕ ರಸ್ತೆಯಲ್ಲಿ ಕಾಲು ಚಾಚಿ.

“ತಿಂಗಳ ಮೊದಲ ಸೋಮವಾರ, ಹನ್ನೆರಡು ಗಂಟೆಗೆ ದೇಶದ ತುಂಬ ಇದನ್ನು ಪರೀಕ್ಷೆಗೆಂದು ಕೂಗಿಸುತ್ತಾರೆ,” ಎಂದರು. “ಹೇಳಬೇಕಿತ್ತು. ನಮಗೆ ಎಷ್ಟು ರೂಢಿಯೆಂದರೆ, ಗೊತ್ತಿಲ್ಲದವರು ಇರಬಹುದು ಎಂಬುದೇ ಮರೆತುಹೋಗುತ್ತದೆ.”

“ಯಾರಿಗೂ ಭಯವಾಗುವುದಿಲ್ಲವೇ?”

“ನನಗೆ ಗೊತ್ತಿದೆ ಎಂಬುದಷ್ಟೇ ಆಗಿದ್ದರೆ ಆಗುತ್ತಿತ್ತು. ಪಕ್ಕದವರು ಓಡಿದರೆ ನಾನೂ ಓಡುತ್ತಿದ್ದೆ. ಅವರಿಗೂ ಗೊತ್ತು, ನನಗೆ ಗೊತ್ತೆಂದೂ ಅವರಿಗೆ ಗೊತ್ತು. ಅದಕ್ಕೆ ಮೀನು ಮಾರುವವನು ಮೀನು ಮಾರುತ್ತಾನೆ.”

ನಾನು ಆಗ ಅವರಿಗೆ ಹುಲಿಗೆಮ್ಮನ ಕಥೆ ಹೇಳಿದೆ. ಹೊರಗಿನವರೊಬ್ಬರಿಗೆ ಪೂರ್ತಿ ಹೇಳಿದ್ದು ಅದೇ ಮೊದಲು. ಸುತ್ತಲೂ ಜನ ಸೈಕಲ್ಲುಗಳನ್ನು ಎತ್ತಿ ನಿಲ್ಲಿಸುತ್ತಿದ್ದರು. ಒಬ್ಬರೂ ಏನಾಯಿತೆಂದು ಕೇಳಲಿಲ್ಲ.

ಪಾಠದ ಕೋಣೆ

ಮರುದಿನ ಮಾರೈಕ ನನ್ನ ಅನುಮತಿ ಕೇಳಿ ನಮ್ಮೂರನ್ನು ಬೋರ್ಡಿನ ಮೇಲೆ ಬರೆದರು. ಒಂದೊಂದು ಚುಕ್ಕೆ ಒಂದೊಂದು ಸಾಧ್ಯತೆ: ಎಲ್ಲರೂ ನಂಬಿದ ಊರು, ಅರ್ಧ ಜನ ನಂಬಿದ ಊರು, ಯಾರೂ ನಂಬದ ಊರು. ಯಾವ ಚುಕ್ಕೆಯಲ್ಲಿ ತಾನು ನಿಂತಿದ್ದೇನೆಂದು ಒಬ್ಬನಿಗೆ ಗುರುತಿಸಲು ಆಗದಿದ್ದರೆ ಆ ಚುಕ್ಕೆಗಳ ನಡುವೆ ಅವನ ಹೆಸರಿನ ಗೆರೆ. ಗೆರೆ ಎಳೆದು ಎಳೆದು ಬೋರ್ಡು ಬಲೆಯ ಹಾಗಾಯಿತು.

“ನೋಡಿ,” ಎಂದರು. “ಈ ಊರು ನಿಜವಾಗಿ ನಿಂತಿದ್ದು ಯಾರೂ ನಂಬದ ಚುಕ್ಕೆಯಲ್ಲಿ. ಆದರೆ ಒಬ್ಬರಿಗೂ ಅದು ತಿಳಿಯುವ ದಾರಿ ಇರಲಿಲ್ಲ. ಕಿವಿಯಲ್ಲಿ ಹೇಳಿದ್ದು ಕೇಳಿದವನ ಅನುಮಾನ ಅಳಿಸುತ್ತದೆ. ಉಳಿದವರ ಬಗ್ಗೆ ಅವನಿಗಿದ್ದ ಅನುಮಾನ ಹಾಗೇ ಉಳಿಯುತ್ತದೆ.”

ಆಮೇಲೆ ಕೋಷ್ಟಕ. ಬಾಯಿ ಬಿಡುವುದು, ಸುಮ್ಮನಿರುವುದು, ಎರಡೇ ನಡೆ. ಉಳಿದವರು ನಂಬಿದ್ದಾರೆ ಎಂದುಕೊಂಡವನಿಗೆ ಬಾಯಿ ಬಿಟ್ಟರೆ ಏಟು, ಸುಮ್ಮನಿದ್ದರೆ ಕ್ಷೇಮ. ಉಳಿದವರೂ ಬಾಯಿ ಬಿಡುತ್ತಾರೆ ಎಂದುಕೊಂಡವನಿಗೆ ಸುಮ್ಮನಿದ್ದರೆ ನಾಚಿಕೆ. ವಿಡಿಯೋ ಕಳಿಸುವವರಿಗೂ ಒಂದು ಸಾಲು: ಎಚ್ಚರಿಕೆ ನಿಜವಾದರೆ ಊರು ಉಳಿಸಿದವರು, ಸುಳ್ಳಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಒಳ್ಳೆಯವರೇ ಮೊದಲು ಕಳಿಸುವುದು ಅದಕ್ಕೆ.

ನನಗೆ ಸಿಟ್ಟು ಬಂತು. ಹೊಡೆದ ಕೈಗೂ ಕೋಷ್ಟಕದಲ್ಲಿ ಜಾಗ ಇದೆಯೇ ಎಂದು ಕೇಳಿದೆ.

“ಕೋಷ್ಟಕ ಯಾರನ್ನೂ ಕ್ಷಮಿಸುವುದಿಲ್ಲ,” ಎಂದರು ಮಾರೈಕ. “ಬಾಗಿಲಿನ ತಿರುಗಣಿ ಎಲ್ಲಿದೆ ಎಂದು ತೋರಿಸುತ್ತದೆ, ಅಷ್ಟೆ.”

ಬ್ರೆಜಿಲ್ ದೇಶದ ಪತ್ರಕರ್ತ ರಫಾಯೆಲ್ ಕೈ ಎತ್ತಿದ. ಸುಳ್ಳು ಸುದ್ದಿ ಬಯಲು ಮಾಡುವುದೇ ಅವನ ಕೆಲಸ. “ಇಷ್ಟೇಕೆ? ಗ್ರೂಪಿನಲ್ಲೇ ಅದರ ಕೆಳಗೆ ಸುಳ್ಳು ಎಂದು ಬರೆದರೆ ಆಯಿತಲ್ಲ.”

“ಕಳಿಸಿದವರು ನಮ್ಮ ದೊಡ್ಡಪ್ಪ,” ಎಂದೆ.

ಅವನು ಎತ್ತಿದ ಕೈ ಇಳಿಸಿದ. “ನಮ್ಮ ಮನೆಯಲ್ಲಿ ಅಜ್ಜಿ,” ಎಂದ. “ಬೆಳ್ಳುಳ್ಳಿಯಿಂದ ಎಲ್ಲ ರೋಗ ಹೋಗುತ್ತದೆ ಎಂದು ದಿನಾ ಕಳಿಸುತ್ತಾಳೆ. ದೇಶದ ಮಂತ್ರಿಗಳ ಸುಳ್ಳು ಹಿಡಿದಿದ್ದೇನೆ, ಅಜ್ಜಿಗೆ ಒಂದು ಮಾತು ಬರೆಯಲು ಧೈರ್ಯ ಬಂದಿಲ್ಲ. ಹಾಗಾದರೆ ಅಜ್ಜಿಯ ಕೈಯಿಂದಲೇ ಬರೆಸಬೇಕು.”

ಕೋಣೆ ನಕ್ಕಿತು. ಮಾರೈಕ ನಗಲಿಲ್ಲ. ಬೋರ್ಡಿನ ಕಡೆ ತಿರುಗಿ ಒಂದು ಹೊಸ ಸಾಲು ಬರೆದರು. ಕಳಿಸಿದವರೇ ಎಲ್ಲರೆದುರು ತಪ್ಪೆಂದರೆ ಅವರಿಗೆ ನಷ್ಟ. ನಷ್ಟ ಮಾಡಿಕೊಂಡು ಯಾರೂ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಕೇಳಿದವರು ನಂಬುತ್ತಾರೆ. ಎಲ್ಲರೆದುರು ಹೇಳಿದ್ದರಿಂದ ಎಲ್ಲರೂ ನಂಬಿದರೆಂದೂ ಎಲ್ಲರಿಗೂ ತಿಳಿಯುತ್ತದೆ. “ಆದರೆ,” ಎಂದು ಅವರೇ ಸೇರಿಸಿದರು, “ಆ ಸುಳ್ಳನ್ನು ಇನ್ನೂ ಕೇಳದವರ ಕಿವಿಗೂ ಆಗ ಅದು ಬೀಳುತ್ತದೆ. ಅದೂ ಒಂದು ಬೆಲೆ. ಪ್ರತಿ ಸಲ ಲೆಕ್ಕ ಹಾಕಬೇಕು.”

ನಾನು ಓದಿದ, ಕಲಿಸಿದ ವಿಷಯವೇ ಇದು. ಪರೀಕ್ಷೆಯಲ್ಲಿ ಎರಡು ಅಂಗಡಿಗಳ ದರದ ಲೆಕ್ಕವಾಗಿ ಬರುತ್ತದೆ. ಆ ದಿನ ಮೊದಲ ಸಲ ಲೆಕ್ಕದೊಳಗೆ ಮುಖಗಳು ಕಂಡವು.

ಹುಟ್ಟುಹಬ್ಬದ ದುಂಡು

ಭಾನುವಾರ ಹೆಂಕ್‌ಗೆ ಎಪ್ಪತ್ತು ತುಂಬಿತು. ಕುರ್ಚಿಗಳನ್ನು ಗೋಡೆಗುಂಟ ದುಂಡಗೆ ಜೋಡಿಸಿದ್ದರು. ಬಂದ ಪ್ರತಿ ನೆಂಟರು ಹೆಂಕ್‌ಗೆ ಮಾತ್ರವಲ್ಲ, ದುಂಡಿನಲ್ಲಿ ಕೂತ ಒಬ್ಬೊಬ್ಬರ ಕೈ ಕುಲುಕಿ “ಹೆಂಕ್ ಅವರ ಹುಟ್ಟುಹಬ್ಬಕ್ಕೆ ಅಭಿನಂದನೆ” ಎಂದರು. ಅವರ ಮಗಳಿಗೆ, ಅಳಿಯನಿಗೆ, ಪಕ್ಕದ ಮನೆಯವರಿಗೆ, ವಾರದಿಂದ ಮಹಡಿಯಲ್ಲಿದ್ದ ನನಗೂ. ಮೊದಲ ಸಲ, ನನ್ನ ಹುಟ್ಟುಹಬ್ಬವಲ್ಲ ಎಂದು ತಿದ್ದಲು ಹೋದೆ. ನಾಲ್ಕನೆಯ ಕೈ ಬರುವ ಹೊತ್ತಿಗೆ ನಾನೂ ಧಾರಾಳವಾಗಿ ಧನ್ಯವಾದ ಹೇಳುತ್ತಿದ್ದೆ.

ಒಂದೊಂದು ತುಂಡು ಕೇಕು. ಎರಡನೆಯದನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ನಮ್ಮಲ್ಲಾದರೆ ಬೇಡವೆಂದರೂ ಎಲೆಗೆ ಬೀಳುತ್ತಿತ್ತು. ಹಸಿದೇ ಕೂತಿದ್ದರೂ ಆ ದುಂಡು ನನಗೆ ಹಿಡಿಸಿತು. ನಾವು ಸಾಲಾಗಿ ಊಟಕ್ಕೆ ಕೂರುತ್ತೇವೆ, ಹಿಂದಿನ ಸಾಲಿನಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಇಲ್ಲಿ ಒಬ್ಬರು ಕೈ ಕುಲುಕಿದ್ದನ್ನು ಎಲ್ಲರೂ ನೋಡುತ್ತಾರೆ, ನೋಡಿದ್ದನ್ನೂ ನೋಡುತ್ತಾರೆ. ಯಾರು ಬಂದರು, ಯಾರು ಸಂತೋಷಪಟ್ಟರು ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯುವುದಿಲ್ಲ.

ಎರಡು ಫೋನು

ಮಂಗಳವಾರ ಮಧ್ಯಾಹ್ನ ಬಸವರಾಜನ ಫೋನು.

“ಅಕ್ಕ, ಅದ ವಿಡಿಯೋ ಮತ್ತ ಬಂದೈತಿ. ಈ ಸಲ ಧ್ವನಿ ಬ್ಯಾರೆ. ಮುಕ್ಕುಂದದಾಗ ಇಬ್ಬರನ್ನ ಹಿಡದಾರ ಅಂತ ಹೇಳಾಕತ್ತಾನ. ನಾ ಮುಕ್ಕುಂದದ ದೋಸ್ತಗ ಕೇಳಿದೆ, ಅಂಥಾದ್ದೇನೂ ಇಲ್ಲಂತ.”

“ಗ್ರೂಪಿನ್ಯಾಗ ಯಾರರ ಏನರ ಅಂದ್ರೇನು?”

“ಕೈ ಮುಗದಾರ.”

ಅರ್ಧ ಗಂಟೆಯಲ್ಲಿ ಹುಲಿಗೆಮ್ಮನದು. ವಿಡಿಯೋ ಅವಳಿಗೂ ತಲುಪಿತ್ತು. “ಮೇಡಂ, ಇವರ ಹೆಗಲ ಹಗರಾಗೇತ್ರಿ, ಗಾಡಿ ಹೊಡಿತಾರ. ಗುರುವಾರ ವ್ಯಾಪಾರಕ್ಕ ಹೊಂಡಬೇಕಂತ ಮಾಡೀವಿ.”

“ಎರಡು ವಾರ ತಡಿ, ಹುಲಿಗೆಮ್ಮ. ಇಲ್ಲಾ ಬ್ಯಾರೆ ಊರಿಂದ ಸುರು ಮಾಡು.”

“ಇಲ್ರಿ. ನಿಮ್ಮೂರಿಂದನ ಸುರು ಮಾಡ್ತೀನಿ. ಅಲ್ಲಿ ಹೊಕ್ಕು ಹೊರಗ ಬಂದ್ನೆಂದ್ರ ಎಲ್ಲಾ ಊರಿಗೂ ಹೋಗ್ತೀನಿ. ಅಲ್ಲಿ ಅಂಜಿದ್ನೆಂದ್ರ ಎಲ್ಲೆಲ್ಲೂ ಅಂಜಬೇಕಾಗ್ತೈತಿ. ಮಗಳು ಈಗೀಗ ಗಾಡಿ ಕಂಡ್ರ ಒಳಗ ಓಡ್ತಾಳ್ರಿ.”

ಅವಳ ಫೋನು ಇಟ್ಟು ದೊಡ್ಡಪ್ಪನಿಗೆ ಹಚ್ಚಿದೆ.

“ಏನವ್ವ, ಅಲ್ಲಿ ಜ್ವಾಳದ ರೊಟ್ಟಿ ಸಿಗ್ತಾವೇನು?”

“ಸಿಗಂಗಿಲ್ಲ ದೊಡ್ಡಪ್ಪ. ಗುರುವಾರ ಹುಲಿಗೆಮ್ಮ ಬರ್ತಾಳ.”

“ನಾ ಮತ್ತ ಒಬ್ಬೊಬ್ಬರಿಗೆ ಹೇಳ್ತೀನಿ,” ಎಂದರು.

“ಹೋದ ಸಲಾನೂ ಎಲ್ಲರಿಗೂ ಹೇಳಿದ್ದಿ. ಎಲ್ಲರಿಗೂ ಗೊತ್ತಿತ್ತು. ಮಗ್ಗಲದಾಂವಗ ಗೊತ್ತೈತಿ ಅನ್ನೋದು ಯಾರಿಗೂ ಗೊತ್ತಿದ್ದಿಲ್ಲ. ಗುಡಿ ಮೈಕಿನ್ಯಾಗ ಹೇಳಬೇಕು. ನೀನ ಹೇಳಬೇಕು.”

ನಮ್ಮೂರಿನ ಹನುಮಪ್ಪನ ಗುಡಿಯ ಮೈಕು, ನಾಳೆ ನೀರು ಬರುವುದಿಲ್ಲ, ಯಾರದೋ ಆಡು ತಪ್ಪಿಸಿಕೊಂಡಿದೆ ಎಂಬಂಥ ಸುದ್ದಿಗೆ ಇರುವುದು.

“ನಾ ಸುಳ್ಳ ಹೇಳಿದ್ದೆ ಅಂತ ನಾನ ಮೈಕಿನ್ಯಾಗ ಒದರ್ಲೇನು? ಈ ವಯಸ್ಸಿನ್ಯಾಗ?”

“ಬ್ಯಾರೆಯವರು ಒದರಿದ್ರ ಜಗಳ ಆಗ್ತೈತಿ. ನೀ ಹೇಳಿದ್ರ ಅಷ್ಟಕ್ಕ ಮುಗೀತೈತಿ.”

“ಕೇಳಲಾರದೋರಿಗೂ ಕೇಳಿಸ್ತೈತಲ್ಲಬೇ.”

ಮಾರೈಕ ಹೇಳಿದ ಅದೇ ಬೆಲೆ. ನಾನು ಕೇಳಿದೆ: “ಊರಾಗ ಯಾರು ಕೇಳಿಲ್ಲ ಹೇಳು, ದೊಡ್ಡಪ್ಪ.”

ಬಹಳ ಹೊತ್ತು ಯೋಚಿಸಿದರು. “ನಮ್ಮ ಎಮ್ಮಿ,” ಎಂದರು.

ಇಬ್ಬರೂ ನಕ್ಕೆವು. ದೊಡ್ಡಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾನು ಸೈರನ್ನಿನ ಕಥೆ ಹೇಳಿದೆ, ಸೈಕಲ್ಲು ಬೀಳಿಸಿದ್ದು ಸಮೇತ. “ನೀ ಓಡಿದ್ಯಾ? ಬಿದ್ಯಾ?” ಎಂದು ಎರಡು ಸಲ ಕೇಳಿದರು. ಆಮೇಲೆ ದನಿ ಬದಲಾಯಿತು. “ಆ ದಿನಾನೂ ನೀ ಬಿದ್ದಿದ್ದಿ. ಕಟ್ಟಿ ಮ್ಯಾಲೆ ನಿಂತು ನಾ ನೋಡಿದ್ದೆ. ಇಡ್ತೀನಿ.” ಫೋನು ಇಟ್ಟರು.

ಗುರುವಾರ

ಊರಿನಲ್ಲಿ ಸಂಜೆ ಆರು, ನನಗೆ ಮಧ್ಯಾಹ್ನ ಎರಡೂವರೆ. ಹೆಂಕ್ ಅವರ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತೆ. ದೊಡ್ಡಪ್ಪ ಗುಡಿಗೆ ಹೋಗಿದ್ದಾರೆಂದು ಬಸವರಾಜ ವಿಡಿಯೋ ಹಚ್ಚಿದ್ದ. ಚಿತ್ರ ಗುಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟಿತು. ಯಾರದೋ ಚಪ್ಪಲಿ ಜೋಡಿ ಮಾತ್ರ ಕಾಣುತ್ತಿತ್ತು. ದನಿ ಬರುತ್ತಿತ್ತು. ಹೆಂಕ್‌ಗೆ ಒಂದಕ್ಷರ ತಿಳಿಯದು, ಆದರೂ ರೇಡಿಯೋ ಆರಿಸಿ ಬಂದು ಪಕ್ಕ ಕೂತರು.

ಮೈಕು ಎರಡು ಸಲ ಕೆಮ್ಮಿತು. ದೊಡ್ಡಪ್ಪ ಮಾತಾಡಿದರು.

“ಎಲ್ಲರೂ ಕೇಳ್ರಿ. ಪಂಚಮಿ ದಿನ ಪಾತ್ರಿ ಮಾರೋರು ಕಳ್ಳರು ಅಂತ ನಾ ಒಂದು ವಿಡಿಯೋ ಕಳಿಸಿದ್ದೆ. ಅದು ಸುಳ್ಳು. ಈಗ ಬಂದಿರೋದೂ ಅದ. ಅದೂ ಸುಳ್ಳು. ಸುಳ್ಳಂತ ನನಗ ಆವತ್ತ ಗೊತ್ತಾಗಿತ್ತು. ನಿಮಗೂ ಹೇಳಿದ್ದೆ, ಒಬ್ಬೊಬ್ಬರಿಗೆ. ಆದ್ರ ಗ್ರೂಪಿನ್ಯಾಗ ಅನ್ನಾಕ ನನಗ ನಾಚಿಕಿ ಆತು. ಯಂಕಪ್ಪನ ಎಲುಬು ಮುರೀತು.”

ಒಂದು ನಾಯಿ ಬೊಗಳಿತು. ಯಾರೋ ಅದನ್ನು ಗದರಿಸಿದರು.

“ಹುಲಿಗೆಮ್ಮ ಇಲ್ಲೆ ನಿಂತಾಳ. ಆ ಕೂಸು ಈಕೀದ. ಕಟ್ಟಿ ಮುಂದ ನಿಂತೋರು ಹಿಂದ ಮುಂದ ಒಬ್ಬರಿಗೊಬ್ಬರು ಮಕಾ ನೋಡ್ಕೋರಿ. ನಾ ಕೇಳಿದ್ದಿಲ್ಲ, ಅವರು ನಂಬ್ಯಾರಂತ ಮಾಡಿದ್ದೆ, ಅಂತ ನಾಳಿಗೆ ಯಾರೂ ನನ್ನ ಮುಂದ ಹೇಳೂದು ಬ್ಯಾಡ. ಇಷ್ಟ. ಮತ್ತೊಂದು, ನಾಳಿ ನಳಾ ಬರಂಗಿಲ್ಲ.”

ಮೈಕು ಆರಿತು. ಚಪ್ಪಲಿ ಜೋಡಿ ಕದಲಲಿಲ್ಲ. ಬಹಳ ಹೊತ್ತು ಯಾವ ದನಿಯೂ ಇರಲಿಲ್ಲ. ನನ್ನ ಕೈ ಮೇಜಿನ ಅಂಚು ಹಿಡಿದಿತ್ತು. ಹೆಂಕ್ ಅದರ ಮೇಲೆ ತಮ್ಮ ಕೈ ಇಟ್ಟರು. ಆಮೇಲೆ ಒಬ್ಬ ಹೆಂಗಸಿನ ದನಿ: “ಏ ಹುಲಿಗೆಮ್ಮ, ಅಲ್ಲೇ ಯಾಕ ನಿಂತಿ? ತಕ್ಕಡಿ ತಂದಿಯಿಲ್ಲೋ?” ಇನ್ನೊಬ್ಬಳು: “ಮೊದಲು ನಮ್ಮ ಮನಿಗೆ ಬಾರಬೇ, ಸೊಸಿ ನಾಳಿ ಊರಿಗೆ ಹೋಗಾಕಿ.” ಮೂರನೆಯವಳು ಅವಳ ಮೇಲೆ ಜಗಳಕ್ಕೆ ಬಿದ್ದಳು. ಇದ್ದಕ್ಕಿದ್ದಂತೆ ಫೋನಿನ ತುಂಬ ದನಿಗಳು, ಪಾತ್ರೆಗಳ ಸದ್ದು.

“ಹಬ್ಬವೇ?” ಎಂದು ಕೇಳಿದರು ಹೆಂಕ್.

“ವ್ಯಾಪಾರ,” ಎಂದೆ.

ಒಂದೂವರೆ ಗಂಟೆಯ ನಂತರ ಹುಲಿಗೆಮ್ಮ ಲಿಂಗಸುಗೂರು ರಸ್ತೆಯಿಂದ ಫೋನು ಮಾಡಿದಳು. ಹಿಂದೆ ಮೊಪೆಡ್ಡಿನ ಸದ್ದು. “ಮೇಡಂ, ಮನಿ ಮನಿಯಾಗ ಕೂದಲಾ ಉಂಡಿ ಕಟ್ಟಿ ಇಟ್ಟಿದ್ರು ನೋಡ್ರಿ, ಪಂಚಮಿಯಿಂದ. ಕಿಡಕ್ಯಾಗ, ಜಂತಿಯಾಗ. ಒಬ್ಬಾಕಿನೂ ಚೆಲ್ಲಿಲ್ಲ. ನನ್ನ ಬಟ್ಟಲ ಸಾಲ್ಲಿಲ್ರಿ.”

“ಮಗಳು?”

“ಹೋಗೋವಾಗ ನನ್ನ ಸೆರಗಿನ್ಯಾಗ ಮಕಾ ಮುಚ್ಚಿಕೊಂಡಿದ್ಲು. ಈಗ ಮುಂದ ಕುಂತು ಹಾರನ್ ಹೊಡಿಯಾಕತ್ತಾಳ. ಕೇಳ್ರಿ.”

ಕೇಳಿದೆ. ಕಿವಿಗೆ ಫೋನು ಹಿಡಿದುಕೊಂಡೇ ಬಹಳ ಹೊತ್ತು ಕೇಳಿದೆ.

ಶುಕ್ರವಾರ

ಬಾಗಿಲು ತಟ್ಟುವ ಸದ್ದಿಗೆ ಎದ್ದೆ. ಹೆಂಕ್ ಗಾಬರಿಯಾಗಿದ್ದರು. ಮೂರು ಸಲ ತಟ್ಟಿದ್ದರಂತೆ. ಪರದೆಯಿಲ್ಲದ ಕಿಟಕಿಯಿಂದ ಬಿಸಿಲು ನನ್ನ ಮುಖದ ಮೇಲೇ ಬಿದ್ದಿತ್ತು. ಕೋರ್ಸಿನ ಕೊನೆಯ ದಿನದ ಗುಂಪು ಚಿತ್ರ ತೆಗೆದು ಆಗಿತ್ತು. ನಾನು ಅದರಲ್ಲಿ ಇಲ್ಲ. ಮಾರೈಕ ಎರಡು ಸಲ ಫೋನು ಮಾಡಿದ್ದರು. ದೊಡ್ಡಪ್ಪ ಆರು ಸಲ.

ಮೊದಲು ದೊಡ್ಡಪ್ಪನಿಗೆ ಮಾಡಿದೆ.

“ಎಂಥಾ ಫಜೀತಿ ಮಾಡಿದಿ ನೋಡು,” ಎಂದರು. “ಬೆಳಿಗ್ಗಿಂದ ಮಂದಿ ಮೊಬೈಲ್ ಹಿಡ್ಕೊಂಡು ಬರಾಕತ್ತಾರ. ಇದು ಖರೇನೋ ಸುಳ್ಳೋ ಹೇಳ್ರಿ ಅಂತ. ನನಗೇನ ಗೊತ್ತು? ನಿನ್ನ ಕೇಳಿ ಹೇಳ್ತೀನಂತ ಕುಂದರ್ಸೀನಿ. ಒಬ್ಬಾಂವ ಬಳ್ಳೊಳ್ಳಿದ ತಂದಾನ. ಎಲ್ಲಿ ಹೋಗಿದ್ದಿ ಇಷ್ಟೊತ್ತನ?”

“ಮಲಗಿದ್ದೆ, ದೊಡ್ಡಪ್ಪ.”

“ಈ ಹೊತ್ತಿನ ಮಟಾ?”

“ಹೂಂ. ಪಂಚಮಿಯಿಂದ ಇವತ್ತ ಮೊದಲು.”

ಅವರು ಫೋನನ್ನು ಸ್ವಲ್ಪ ದೂರ ಹಿಡಿದು ಕಟ್ಟೆಯಲ್ಲಿದ್ದವರಿಗೆ ಹೇಳಿದ್ದು ಕೇಳಿಸಿತು: “ಸಂಜಿಮುಂದ ಬರ್ರಿ. ಆಕಿ ಮಲಕೊಳ್ಳಲಿ.”